ಸೀರಿಯಲ್ ಲೈನಿಗೂ ಜಿಲ್ಲೆಯುಂಟು

ಈ ವಾರ ನೆಟ್‌ವೇರ್ ಜಾಲದ ಐಪಿಎಕ್ಸ್ ಫ್ರೇಮುಗಳ ಸರದಿ ಎಂದಿದ್ದೆ. ಮಾತು ಉಳಿಸಿಕೊಳ್ಳಲು ಚುಟುಕಾಗಿ ಹೇಳುತ್ತೇನೆ: ನೆಟ್‌ವೇರ್ 3.11ರವರೆಗೆ ಡೀಫಾಲ್ಟ್ ಫ್ರೇಮು ಕಚ್ಚಾ 802.3, 3.12ರಿಂದ 802.2. ಸಿಸ್ಕೊ ರೂಟರಿನಲ್ಲಿ ಮೊದಲನೆಯದಕ್ಕೆ ನಾವೆಲ್-ಈಥರ್, ಎರಡನೆಯದಕ್ಕೆ ಸ್ಯಾಪ್. ಹಳೆ ಸರ್ವರ್ ಕಾಣದಿದ್ದರೆ ಕೇಬಲ್ ಕಿತ್ತು ನೋಡುವ ಮೊದಲು ಇದನ್ನು ನೋಡಿ. ಸಾಕು.

ಯಾಕೆಂದರೆ ತಲೆಯೊಳಗೆ ಹರಪನಹಳ್ಳಿ ಹೊಕ್ಕಿದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಕದಲಲಿಲ್ಲ, ಜಿಲ್ಲೆ ಮೂರು ಸಲ ಬದಲಾಯಿತು. 371ಜೆ ವಿಶೇಷ ಸ್ಥಾನಮಾನದ ಹೋರಾಟದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಚಪಲ ಸರ್ಕಾರಿ ಕಚೇರಿಗಳ ಲೀಸ್ಡ್ ಲೈನಿನದು. ರಾಜ್ಯ ಸರ್ಕಾರದ ಜಾಲ ಕೆಸ್ವಾನ್ ಕಟ್ಟಿದ್ದೇ ರಾಜಧಾನಿ, ಜಿಲ್ಲೆ, ತಾಲೂಕು ಎಂಬ ಮೂರು ಹಂತಗಳಲ್ಲಿ. ಆ ಲೆಕ್ಕಕ್ಕೆ 2018ರ ಮೊದಲು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಮೇಲ್ತುದಿ ಬಳ್ಳಾರಿಯಾದರೆ ಪಕ್ಕದ ಹರಪನಹಳ್ಳಿಯದು ದಾವಣಗೆರೆ. ಕೊಟ್ಟೂರು ಆಗಿನ್ನೂ ಕೂಡ್ಲಿಗಿಯ ಹೋಬಳಿ, ಅದಕ್ಕೆ ಈ ಪಂಕ್ತಿಯಲ್ಲಿ ಎಲೆಯೇ ಇಲ್ಲ.

ಜಿಲ್ಲೆ ಬದಲಾದರೆ ಕಡತ ಆದೇಶದ ಬೆನ್ನಿಗೇ ಹೋಗುತ್ತದೆ. ಲೀಸ್ಡ್ ಲೈನ್ ಹಾಗಲ್ಲ. ಮೇಲ್ತುದಿಯ ಪೆಟ್ಟಿಗೆ ಬೇರೆಯಾಯಿತೆಂದರೆ ಎರಡೂ ಕಡೆ ಎನ್‌ಕ್ಯಾಪ್ಸುಲೇಷನ್ ತಾಳೆಯಾಗಬೇಕು. 'ಡೀಫಾಲ್ಟ್ ಇರಲಿ ಬಿಡಿ ಸಾರ್' ಎನ್ನುವ ಪಂಥದವರೊಂದಿಗೆ ನನ್ನ ಹಳೆಯ ಜಗಳ ಇಲ್ಲೇ. ಸಿಸ್ಕೊ ಸೀರಿಯಲ್ ಇಂಟರ್‌ಫೇಸಿಗೆ ಏನೂ ಹೇಳದಿದ್ದರೆ ಅದು ತನ್ನದೇ ಎಚ್‌ಡಿಎಲ್‌ಸಿ ಹಿಡಿಯುತ್ತದೆ. ಜೂನಿಪರ್ ಪಿಪಿಪಿ ಹಿಡಿಯುತ್ತದೆ. ಎರಡನ್ನೂ ಅವುಗಳ ಪಾಡಿಗೆ ಬಿಟ್ಟರೆ ಇಂಟರ್‌ಫೇಸ್ ಅಪ್, ಲೈನ್ ಪ್ರೋಟೋಕಾಲ್ ಡೌನ್. ಆಮೇಲೆ ಮೋಡೆಮಿನ ಮೇಲೆ ಅನುಮಾನ, ಎಕ್ಸ್‌ಚೇಂಜಿಗೆ ಫೋನು.

ಎರಡೂ ಕಡೆ ಪಿಪಿಪಿ ಎಂದೇ ಬರೆಯಿರಿ. ನಂಬಿಕೆ ಬರದಿದ್ದರೆ ಆರ್‌ಎಫ್‌ಸಿ 1661 ಓದಿ: ಜುಲೈ 1994, ಸಂಪಾದಕ ವಿಲಿಯಂ ಸಿಂಪ್ಸನ್. ಬೇಸರವಾದಾಗಲೆಲ್ಲ ನಾನು ತೆರೆಯುವ ಕಡತ ಅದು. ಒಂದು ತುದಿ ತನ್ನ ಬೇಡಿಕೆ ಇಡುತ್ತದೆ. ಇನ್ನೊಂದು ಒಪ್ಪಬಹುದು, ಬಾಬತ್ತು ಸರಿ, ಮೊತ್ತ ಬೇರೆ ಹೇಳು ಎನ್ನಬಹುದು, ಈ ಬಾಬತ್ತೇ ನನಗೆ ತಿಳಿಯದು ಎಂದು ವಾಪಸು ಕಳಿಸಬಹುದು. ದನದ ಜಾತ್ರೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸಿದ ಹಾಗೆ. ಇಷ್ಟಾದ ಮೇಲೆ, ಬೇಕೆಂದರೆ ಗುರುತಿನ ಪರೀಕ್ಷೆ. ಅದೂ ದಾಟಿದರೆ ಐಪಿಗೋ ಐಪಿಎಕ್ಸಿಗೋ ದಾರಿ. ಇನ್ನು ಮ್ಯಾಜಿಕ್ ನಂಬರ್: ತಾನು ಕಳಿಸಿದ ಸಂಖ್ಯೆ ತನಗೇ ಮರಳಿ ಬರುತ್ತಿದ್ದರೆ ಯಾರೋ ಪರೀಕ್ಷೆಗೆಂದು ಹಾಕಿದ ಲೂಪ್ ತೆಗೆದಿಲ್ಲ ಎಂದರ್ಥ. ಸಿಸ್ಕೊ ಎಚ್‌ಡಿಎಲ್‌ಸಿಯೂ ತನ್ನ ಕೀಪ್‌ಅಲೈವ್ ಸಂಖ್ಯೆಯಿಂದ ಲೂಪ್ ಪತ್ತೆಹಚ್ಚುತ್ತದೆ, ಒಪ್ಪುತ್ತೇನೆ. ಆದರೆ ಕುದುರಿಸುವುದಾಗಲೀ ಗುರುತು ಕೇಳುವುದಾಗಲೀ ಅದಕ್ಕೆ ಗೊತ್ತಿಲ್ಲ.

ಈಗೆಲ್ಲ ಫೈಬರ್, ಪಿಪಿಪಿ ಸತ್ತ ವಿದ್ಯೆ ಎಂದು ಮೂಗು ಮುರಿಯುವವರು ಮನೆಯ ಫೈಬರ್ ಮೋಡೆಮಿನ ವ್ಯಾನ್ ಪುಟ ತೆರೆದು ನೋಡಲಿ. ಬಿಎಸ್‌ಎನ್‌ಎಲ್ ಫೈಬರ್ ಆದರೆ ಅಲ್ಲಿ ಪಿಪಿಪಿಒಇ ಇರುವ ಸಂಭವವೇ ಹೆಚ್ಚು. ಅದೇ ಹಳೆ ಪಿಪಿಪಿಯನ್ನು ಈಥರ್ನೆಟ್ಟಿನ ಮೇಲೆ ಕೂರಿಸಿದ್ದು, ಆರ್‌ಎಫ್‌ಸಿ 2516, 1999. ಎಂಟಿಯು 1492 ಎಂದಿದ್ದರೆ 1500 ಮಾಡಲು ಹೋಗಬೇಡಿ. 1500ರಲ್ಲಿ ಪಿಪಿಪಿಒಇ ಹೆಡರಿಗೆ 6 ಬೈಟು, ಪಿಪಿಪಿಗೆ 2 ಹೋಗುತ್ತವೆ.