ಸರ್ಪಗಂಧಿಗೆ ಸಲ್ಲದ ಸನ್ಮಾನ

ಬೆಳಗಾವಿಯಲ್ಲಿ ಗಿಡಮೂಲಿಕೆಯ ಮಾತು ಬಂತೆಂದರೆ ಖಾನಾಪುರದ ಕಾಡು ಬರಲೇಬೇಕು. ಕಾಡಿನ ಹಿಂದೆ ಸರ್ಪಗಂಧಿ, ಅದರ ಬೆನ್ನಿಗೇ ‘ಜಗತ್ತಿಗೆ ಬಿಪಿ ಮಾತ್ರೆ ಕೊಟ್ಟವರು ನಾವು’ ಎಂಬ ಭಾಷಣ. ಸಾಂಪ್ರದಾಯಿಕ ವೈದ್ಯಕ್ಕೆಂದೇ ಐಸಿಎಂಆರ್ ಸಂಸ್ಥೆ ಇರುವ ಊರು, ಅಭಿಮಾನ ಸಹಜ. ಭಾಷಣ ಸುಳ್ಳೂ ಅಲ್ಲ. ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ಬರೆದ ಲೇಖನ, 1952ರಲ್ಲಿ ಸೀಬಾ ಕಂಪನಿ ಬೇರಿನಿಂದ ತೆಗೆದ ರಿಸರ್ಪಿನ್, ಇವೆಲ್ಲ ಓದಿದವರಿಗೆ ಗೊತ್ತು. ಆದರೆ ರಕ್ತದೊತ್ತಡದ ಮದ್ದಾಗಿ ರಿಸರ್ಪಿನ್ ಇವತ್ತು ಮೂಲೆಗೆ ಸರಿದಿದೆ. ಈ ಬೇರಿನ ದೊಡ್ಡ ಕೆಲಸ ನಡೆದದ್ದು ಬೇರೆ ಕಡೆ: ಮಿದುಳನ್ನು ಓದುವ ಉಪಕರಣವಾಗಿ.

1957ರ ಸ್ವೀಡನ್ನಿನ ಪ್ರಯೋಗವನ್ನೇ ನೋಡಿ. ರಿಸರ್ಪಿನ್ ಚುಚ್ಚಿದ ಮೊಲ ಕಿವಿ ಜೋಲುಬಿಟ್ಟು, ಅಲುಗಾಡದೆ ಕೂತುಬಿಡುತ್ತದೆ. ಮಿದುಳಿನ ಸೆರೊಟೋನಿನ್ ಬರಿದಾಗಿದ್ದೇ ಕಾರಣ ಎಂಬುದು ಅಮೆರಿಕದ ಬ್ರೋಡಿಯ ನಂಬಿಕೆ. ಅವರ ಬಳಿಯೇ ಕಲಿತು ಬಂದಿದ್ದ ಅರ್ವಿಡ್ ಕಾರ್ಲ್‌ಸನ್ ಅದನ್ನು ಒಪ್ಪಿಕೊಂಡು ಸುಮ್ಮನಿರಲಿಲ್ಲ. ಬರಿದಾದ ಮಿದುಳಿಗೆ ಒಂದೊಂದೇ ಕಚ್ಚಾವಸ್ತು ತುಂಬಿ ನೋಡಿದರು. ಸೆರೊಟೋನಿನ್ ಆಗಬಲ್ಲ ವಸ್ತು ಕೊಟ್ಟರೆ ಮೊಲ ಏಳಲಿಲ್ಲ. ಡೋಪಾ ಕೊಟ್ಟರೆ ಎದ್ದು ಓಡಾಡಿತು. ಡೋಪಾದಿಂದ ನಾರ್‌ಅಡ್ರಿನಲಿನ್ ಹುಟ್ಟಿರಬೇಕು ಎನ್ನೋಣವೆಂದರೆ, ಎದ್ದ ಪ್ರಾಣಿಯ ಮಿದುಳಿನಲ್ಲಿ ಅದು ಮರಳಿರಲೇ ಇಲ್ಲ. ಹಾಗಾದರೆ ಎಬ್ಬಿಸಿದ್ದು ಯಾವುದು? ನಡುವಿನ ಮೆಟ್ಟಿಲೆಂದಷ್ಟೇ ಎಣಿಸಿದ್ದ ಡೋಪಮಿನ್. ಪಾರ್ಕಿನ್ಸನ್ ಕಾಯಿಲೆಗೆ ಇಂದು ಕೊಡುವ ಎಲ್-ಡೋಪಾ, 2000ದ ನೊಬೆಲ್, ಎರಡಕ್ಕೂ ದಾರಿ ಮಾಡಿದ್ದು ಈ ತರ್ಕ.

ಮುಂದೆ 1962ರಲ್ಲಿ ಫಾಲ್ಕ್ ಮತ್ತು ಹಿಲಾರ್ಪ್, ಹೆಪ್ಪುಗಟ್ಟಿಸಿ ಒಣಗಿಸಿದ ಅಂಗಾಂಶಕ್ಕೆ ಫಾರ್ಮಾಲ್ಡಿಹೈಡ್ ಆವಿ ಹಾಯಿಸಿದರು. ಡೋಪಮಿನ್, ನಾರ್‌ಅಡ್ರಿನಲಿನ್ ಇದ್ದ ನರಕೋಶ ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯಿತು, ಸೆರೊಟೋನಿನ್ ಇದ್ದದ್ದು ಹಳದಿಯಾಗಿ. ಆ ಹೊಳಪು ಅಂಗಾಂಶದ್ದೇ ಅಲ್ಲವೆಂದು ನಂಬುವುದು ಹೇಗೆ? ರಿಸರ್ಪಿನ್ ಕೊಟ್ಟ ಪ್ರಾಣಿಯಲ್ಲಿ ಹೊಳಪು ಆರಿಹೋಗುತ್ತದೆ. ಇಡೀ ವಿಧಾನ ನಿಂತದ್ದು ಈ ತಾಳೆಯ ಮೇಲೆ.

ಕುಂದಿಲ್ಲವೆಂದಲ್ಲ. ರಿಸರ್ಪಿನ್ ಒರಟು, ಮೂರನ್ನೂ ಒಟ್ಟಿಗೇ ಬರಿದು ಮಾಡುತ್ತದೆ. ಆವಿಯ ವಿಧಾನಕ್ಕೆ ಸತ್ತ ಅಂಗಾಂಶವೇ ಬೇಕು. ಸಂಗ್ರಹ ಕಾಣುತ್ತದೆ, ಚಟುವಟಿಕೆ ಕಾಣುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಸೇಮ್ಸ್, ಸುಲ್ಜರ್ ತಂಡ 2009ರಲ್ಲಿ ಮಾಡಿದ ಹೊಳೆಯುವ ‘ಸುಳ್ಳು ನರವಾಹಕ’ ಈ ಕೊರತೆ ತುಂಬಿತು. ಇನ್ನೂ ಜೀವಂತ ಇರುವ ಮಿದುಳಿನ ತುಣುಕಿನಲ್ಲಿ ಅದು ಕೋಶದ ಪುಟ್ಟ ಚೀಲಗಳನ್ನು ಹೊಕ್ಕು, ಬಿಡುಗಡೆಯಾಗುವಾಗ ಕಾಣಿಸಿಕೊಳ್ಳುತ್ತದೆ. ಹೊಗುವುದು ಮಾತ್ರ ರಿಸರ್ಪಿನ್ ಮುಚ್ಚುವ ಅದೇ ಬಾಗಿಲಿನಿಂದ.

ಇದನ್ನೆಲ್ಲ ಹೇಳಿದರೆ ನಮ್ಮ ಸ್ವದೇಶಿ ವಿಮರ್ಶಕರು ‘ಪಶ್ಚಿಮದವರು ನಮ್ಮ ಬೇರು ಕದ್ದರು’ ಎನ್ನುತ್ತಾರೆ. ಆಧುನಿಕ ವೈದ್ಯರು ‘ಖಿನ್ನತೆ ತರುವ ಹಳೇ ಮದ್ದು, ಬಿಡ್ರಿ’ ಎನ್ನುತ್ತಾರೆ. ಆ ಆರೋಪಕ್ಕೆ ಗಟ್ಟಿ ಪುರಾವೆಯಿಲ್ಲವೆಂದು ನಂತರದ ಪರಿಶೀಲನೆಗಳು ಹೇಳಿದ್ದನ್ನು ಅವರು ಓದಿದಂತಿಲ್ಲ. ಇವರಿಗಿಂತ ನನ್ನ ತಕರಾರು ಮೊದಲಿನವರ ಮೇಲೆಯೇ ಹೆಚ್ಚು. ಸೀಬಾಗಿಂತ ಎರಡು ದಶಕ ಮೊದಲೇ, 1931ರಲ್ಲಿ, ದಿಲ್ಲಿಯಲ್ಲಿ ಇದೇ ಬೇರಿನಿಂದ ಅಜ್ಮಲಿನ್ ಬೇರ್ಪಡಿಸಿ, ಅದಕ್ಕೆ ಹಕೀಂ ಅಜ್ಮಲ್ ಖಾನರ ಹೆಸರಿಟ್ಟ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ. ಕದ್ದವರ ಪಟ್ಟಿ ಓದುವವರ ಬಾಯಲ್ಲಿ ಈ ಹೆಸರು ನಾನು ಕೇಳಿಲ್ಲ. ಅವರು 1951ರಲ್ಲಿ ಪಾಕಿಸ್ತಾನಕ್ಕೆ ಹೋದರು. ನಮ್ಮ ಭಾಷಣಗಳಿಂದಲೂ ಹೋದರು.