ಹೊಳಪಿಗಿಂತ ಅಳತೆ ಮುಖ್ಯ

ಫೋರ್ಡ್ ಮಾಡೆಲ್ ಟಿ ಕಾರಿಗೆ 1920ರ ದಶಕದಲ್ಲಿ ಬರುತ್ತಿದ್ದ, ‘ಹಾಲಿ’ ಎಂಬ ಕಂಪನಿಯ ಎನ್‌ಎಚ್ ಕಾರ್ಬ್ಯುರೇಟರಿನಲ್ಲಿ ಬಿಚ್ಚುವುದಕ್ಕೆ ಇರುವುದೇ ಸ್ವಲ್ಪ. ಒಂದು ಬಟ್ಟಲು, ಅದರಲ್ಲೊಂದು ಫ್ಲೋಟ್, ಜೆಟ್, ಜೆಟ್ಟಿನೊಳಗೆ ಇಳಿಯುವ ಸೂಜಿ, ಗಾಳಿಯ ದಾರಿಗೆ ಅಡ್ಡ ನಿಂತ ತಗಡು. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಳಿದು ಬರುತ್ತದೆ, ಪಂಪಿಲ್ಲ. ಇಷ್ಟು ಸರಳವಾದ ವಸ್ತುವನ್ನು ರಿಪೇರಿ ಹೆಸರಿನಲ್ಲಿ ಕೆಡಿಸಿರುವುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಕೆಡಿಸುವುದು ಹೊಳಪಿನ ಆಸೆ. ಮರಳು ಹೊಡೆದು ತೊಳೆದ ಎರಕದ ಕಬ್ಬಿಣ ನೋಡಲು ಚಂದವೇ. ಆದರೆ ಒಳಗಿನ ಸಣ್ಣ ದಾರಿಗಳಲ್ಲಿ ಒಂದೇ ಒಂದು ಕಣ ಉಳಿದರೂ ಜೆಟ್ ಕಟ್ಟಿಕೊಳ್ಳುತ್ತದೆ. ಕಟ್ಟಿದ ಜೆಟ್ಟಿಗೆ ತಂತಿ ತೂರಿಸುವವರಿದ್ದಾರೆ. ಜೆಟ್ಟಿನ ಹಿತ್ತಾಳೆ ಮೆತ್ತಗಿನ ಲೋಹ, ತೂತಿನ ಅಂಚು ಕೂದಲೆಳೆಯಷ್ಟು ಸವೆದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ದ್ರಾವಣದಲ್ಲಿ ನೆನೆಸಿಟ್ಟು ಗಾಳಿ ಊದಿದರೆ ಸಾಕು.

ನಾನು ಮೊದಲು ನೋಡುವುದು ಗಾಳಿಯ ದಾರಿಯ ತಗಡನ್ನು ತಿರುಗಿಸುವ ಥ್ರಾಟಲ್ ಶಾಫ್ಟನ್ನು. ಬೆರಳಲ್ಲಿ ಹಿಡಿದು ಅಲುಗಿಸಿದಾಗ ಲಟಲಟ ಎಂದರೆ, ಶಾಫ್ಟಿನ ಸುತ್ತಲ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗುತ್ತಿದೆ ಎಂದೇ ಅರ್ಥ. ಮಿಶ್ರಣ ತೆಳುವಾಗಿ ಎಂಜಿನ್ ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ. ಸ್ಕ್ರೂ ಎಷ್ಟು ತಿರುಗಿಸಿದರೂ ಇದಕ್ಕೆ ಪರಿಹಾರವಿಲ್ಲ. ಸವೆದ ತೂತನ್ನು ರೀಮರಿನಿಂದ ದೊಡ್ಡದು ಮಾಡಿ ಕಂಚಿನ ಬುಶ್ ಹಾಕಬೇಕು. ಎರಡು ಬದಿಯ ತೂತುಗಳನ್ನೂ ಒಂದೇ ನೇರದಲ್ಲಿ, ಒಂದೇ ಸಲಕ್ಕೆ ಕೊರೆಯಬೇಕು. ಬೇರೆ ಬೇರೆ ಕೊರೆದರೆ ಶಾಫ್ಟ್ ಬಿಗಿಯುತ್ತದೆ. ಈ ಕೆಲಸಕ್ಕೆ ಲೇತ್ ಬಲ್ಲ ಹಳೆಯ ಮೇಸ್ತ್ರಿಯನ್ನು ಹುಡುಕಿ, ಅವರು ಕೇಳಿದ ಕೂಲಿ ಕೊಡುವುದೇ ಸರಿ. ಇಲ್ಲಿ ಉಳಿಸಿದ ಹಣ ಉಳಿತಾಯವಲ್ಲ. ತಗಡಿನ ಸ್ಕ್ರೂಗಳ ತುದಿಯನ್ನು ಬಡಿದು ಅಗಲಿಸುವುದನ್ನೂ ಮರೆಯಬಾರದು, ಕಳಚಿದ ಸ್ಕ್ರೂ ನೇರ ಎಂಜಿನ್ನಿನೊಳಗೆ ಹೋಗುತ್ತದೆ.

ಎನ್‌ಎಚ್‌ನ ಸೂಜಿಯದು ಇನ್ನೊಂದು ಕಥೆ. ಚಾಲಕ ಕೂತಲ್ಲಿಂದಲೇ ಉದ್ದನೆಯ ಸರಳಿನಿಂದ ಅದನ್ನು ತಿರುಗಿಸುತ್ತಿದ್ದ: ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚು, ಬಿಸಿಯಾದ ಮೇಲೆ ಕಡಿಮೆ. ಯಾರೋ ಒಬ್ಬ ಪೂರ್ತಿ ಬಿಗಿಮಾಡಿದ್ದರ ಗುರುತು ಸೂಜಿಯ ಮೂತಿಯ ಸುತ್ತ ಗೀರಾಗಿ ಉಳಿದಿರುತ್ತದೆ. ಅಂಥ ಸೂಜಿಯನ್ನೂ ಅದು ಕೂರುವ ಸೀಟನ್ನೂ ಜೊತೆಯಾಗಿಯೇ ಬದಲಿಸಬೇಕು.

ಆ ಕಾಲದ ಫ್ಲೋಟ್ ಬೆಂಡಿನದು, ಮೇಲೆ ಅರಗಿನ ಲೇಪ. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೂ ಎಥನಾಲ್ ಇದೆ. ಲೇಪ ಹೋದ ಬೆಂಡು ಪೆಟ್ರೋಲು ಕುಡಿದು ಮುಳುಗುತ್ತದೆ, ಬಟ್ಟಲು ಉಕ್ಕಿ ಹರಿಯುತ್ತದೆ. ಬಿಸಿ ಎಂಜಿನ್ನಿನ ಪಕ್ಕ ಇದು ಬೆಂಕಿಯ ಅಪಾಯ. ಹಿತ್ತಾಳೆಯ ಫ್ಲೋಟ್ ಹಾಕಿಸುವುದರಲ್ಲಿ ಯಾವ ಅಪಚಾರವೂ ಇಲ್ಲ. ಬಿಸಿನೀರಿನಲ್ಲಿ ಅದ್ದಿ, ಗುಳ್ಳೆ ಏಳದಿದ್ದರೆ ಜೋಡಿಸಿ. ತೂಕ ಬದಲಾದದ್ದರಿಂದ ಪೆಟ್ರೋಲಿನ ಮಟ್ಟವನ್ನು ಹೊಸದಾಗಿ ಹೊಂದಿಸಬೇಕು.

ಎರಕದ ಕಬ್ಬಿಣದ್ದಲ್ಲದ ಕಾರ್ಬ್ಯುರೇಟರುಗಳಲ್ಲಿ ಕೈಬಿಡಬೇಕಾದ್ದು ಒಂದಿದೆ. ಸೀಸ ಬೆರೆತ ಸತುವಿನ ಹಳೆಯ ಎರಕ ಒಳಗಿನಿಂದಲೇ ಉಬ್ಬಿ ಬಿರಿಯುತ್ತದೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಅತಿ ಶುದ್ಧ ಸತುವಿನ ಮಿಶ್ರಲೋಹ ತಂದಮೇಲೆ ಈ ರೋಗ ತಗ್ಗಿತು. ಅದಕ್ಕೂ ಹಿಂದಿನ ತುಂಡು ಬಿರುಕು ಬಿಟ್ಟಿದ್ದರೆ ಅಂಟು, ಬೆಸುಗೆ ಯಾವುದೂ ನಿಲ್ಲದು. ಹೊಸ ಎರಕವೇ ಗತಿ.

ನಿಮ್ಮ ಮನೆಯ ಅಟ್ಟದಲ್ಲೋ ಶೆಡ್ಡಿನಲ್ಲೋ ಇಂಥ ಕಾರ್ಬ್ಯುರೇಟರ್ ಬಿದ್ದಿದ್ದರೆ ಗುಜರಿಗೆ ತೂಕಕ್ಕೆ ಹಾಕಬೇಡಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಜೆಟ್ಟಿನ ಮೇಲಿನ ಅಂಕಿ ಬರೆದಿಟ್ಟುಕೊಳ್ಳಿ. ಸವೆದ ತುಂಡುಗಳನ್ನೂ ಡಬ್ಬಿಯಲ್ಲಿ ಹಾಕಿಡಿ, ಹೊಸದನ್ನು ಮಾಡುವವನಿಗೆ ಅಳತೆ ಸಿಗುವುದು ಅವುಗಳಿಂದಲೇ.