ರೇವಾದ ಎಲುಬುಗೂಡು

2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನ ಮಾತು ಬಂದರೆ ಎಲ್ಲರೂ ಬ್ಯಾಟರಿಯನ್ನೇ ನೆನೆಯುತ್ತಾರೆ. ನನಗೆ ಅದರ ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಉಕ್ಕಿನ ಪೈಪುಗಳ ಚೌಕಟ್ಟು ಮುಖ್ಯ. ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟುವ ಹಂಬಲದವರಿಗೆ ನಮ್ಮ ರಾಜ್ಯದಲ್ಲೇ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ರೇವಾ ರೂಪಿಸಿದ ಚೇತನ್ ಮೈನಿಯವರ ತಂಡದ ಈ ಆಯ್ಕೆ ಜಾಣತನದ್ದು. ತಗಡನ್ನು ಒತ್ತಿ ಕಾರಿನ ಮೈ ಮಾಡುವ ಅಚ್ಚುಗಳಿಗೆ ಕೋಟಿಗಟ್ಟಲೆ ಹಣ ಬೇಕು. ಪೈಪಿಗೆ ಗರಗಸ, ವೆಲ್ಡಿಂಗ್, ಅಳತೆ ತಪ್ಪದಂತೆ ಹಿಡಿದಿಡುವ ಜಿಗ್ ಇದ್ದರೆ ಸಾಕು. ಭಾರವನ್ನೆಲ್ಲ ಚೌಕಟ್ಟು ಹೊರುತ್ತದೆ, ಹೊದಿಕೆ ಬರೀ ಹೊದಿಕೆ. 1957ರ ಲೋಟಸ್ ಸೆವೆನ್ ಸ್ಪೋರ್ಟ್ಸ್ ಕಾರಿನಲ್ಲಿ ಕಾಲಿನ್ ಚಾಪ್ಮನ್ ಹಿಡಿದದ್ದು ಇದೇ ದಾರಿ. 1996ರಲ್ಲಿ ರಾನ್ ಚಾಂಪಿಯನ್ ತಮ್ಮ ಪುಸ್ತಕದಲ್ಲಿ ಮನೆಯ ಶೆಡ್ಡಿನಲ್ಲಿ ಕಟ್ಟುವವರಿಗೆ ತೋರಿಸಿದ್ದೂ ಇದನ್ನೇ.

ರೇವಾ ಸೋತದ್ದು ಮೂತಿಯಲ್ಲಿ. ಬ್ರಿಟನ್ನಿನಲ್ಲಿ ಜಿ-ವಿಜ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಈ ಕಾರನ್ನು 2007ರಲ್ಲಿ ಟಾಪ್ ಗೇರ್ ಪತ್ರಿಕೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ ನೋಡಿತು. ಒಳಗಿದ್ದವರ ಜೀವಕ್ಕೇ ಅಪಾಯ ಎನ್ನುವಂಥ ಫಲಿತಾಂಶ ಬಂತು. ಕಾರಣ ಲೆಕ್ಕದಲ್ಲೇ ಇದೆ. ಆ ವೇಗದ ಕಾರು ಅರ್ಧ ಮೀಟರ್ ಕುಗ್ಗಿ ನಿಂತರೆ ಮೈಮೇಲೆ ಬೀಳುವ ಹೊಡೆತ ಗುರುತ್ವಾಕರ್ಷಣೆಯ ಸುಮಾರು 32 ಪಟ್ಟು. ಕಾಲು ಮೀಟರಿಗೇ ನಿಂತರೆ 64 ಪಟ್ಟು. ಒಟ್ಟು ಎರಡೂವರೆ ಮೀಟರ್‌ಗಿಂತ ತುಸು ಉದ್ದದ ಕಾರಿನಲ್ಲಿ ಕುಗ್ಗಲು ಜಾಗ ಎಲ್ಲಿಂದ ಬರಬೇಕು? ಯುರೋಪಿನ ಕಾನೂನು ಇದನ್ನು ಕಾರೆಂದು ಕರೆಯದೆ ಕ್ವಾಡ್ರಿಸೈಕಲ್ ವರ್ಗಕ್ಕೆ ಸೇರಿಸಿದ್ದರಿಂದ ಆ ಪರೀಕ್ಷೆ ಕಡ್ಡಾಯವೂ ಇರಲಿಲ್ಲ. ಊರೊಳಗಿನ ನಿಧಾನ ಓಡಾಟಕ್ಕೆಂದೇ ಮಾಡಿದ ಗಾಡಿ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ. ಎದುರಿನಿಂದ ಬರುವ ಲಾರಿಗೆ ಅದು ಗೊತ್ತಿರುವುದಿಲ್ಲ.

ರೇವಾದ ಪಕ್ಕದಲ್ಲಿ, ರೇಸ್ ಕಾರು ಕಟ್ಟುವ ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳನ್ನು ಇಟ್ಟು ನೋಡಬೇಕು. ಅವರು ಪಾಲಿಸುವ ಫಾರ್ಮುಲಾ ಸ್ಟೂಡೆಂಟ್ ಪಂದ್ಯದ ನಿಯಮದ ಪ್ರಕಾರ ಮೂತಿಯಲ್ಲಿ ಕುಗ್ಗುವ ದಿಂಬೊಂದು ಇರಲೇಬೇಕು, 300 ಕೆ.ಜಿ. ಕಾರು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗುದ್ದಿದರೂ ಸರಾಸರಿ ಹೊಡೆತ ಗುರುತ್ವಾಕರ್ಷಣೆಯ 20 ಪಟ್ಟು ಮೀರಕೂಡದು. ಮಗುಚಿದಾಗ ಚಾಲಕನ ಹೆಲ್ಮೆಟ್ಟು ನೆಲಕ್ಕೆ ತಾಗದಂತೆ ತಲೆಯ ಮೇಲಿನ ಕಮಾನು ಎಷ್ಟೆತ್ತರ ಇರಬೇಕು, ಅದಕ್ಕೆ ಆನಿಕೆ ಎಲ್ಲಿ ಕೊಡಬೇಕು ಎಂಬುದೂ ಅಲ್ಲೇ ಬರೆದಿದೆ. ಹುಡುಗರ ಪಂದ್ಯದ ಕಾರಿಗಿರುವ ಈ ಶಿಸ್ತು ಮಾರುಕಟ್ಟೆಯ ಕಾರಿಗೆ ಇರಲಿಲ್ಲ.

ಮನೆಯಲ್ಲೇ ಕಾರು ಕಟ್ಟುವವರ ಮಾತಿಗೆ ಬಂದರೆ, ಮಲೆನಾಡಿನ ರಿಪ್ಪನ್‌ಪೇಟೆಯಂಥ ಊರಿನ ವೆಲ್ಡಿಂಗ್ ಶೆಡ್ಡುಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಬದಲಾಗಬೇಕಾದದ್ದು ದಪ್ಪ ಗೋಡೆಯ ಪೈಪೇ ಗಟ್ಟಿ ಎಂಬ ನಂಬಿಕೆ. ತೂಕ ಅಷ್ಟೇ ಇಟ್ಟು ಪೈಪಿನ ವ್ಯಾಸ ಎರಡರಷ್ಟು, ಗೋಡೆ ಅರ್ಧದಷ್ಟು ಮಾಡಿದರೆ ಬಾಗದೆ ನಿಲ್ಲುವ ಬಿಗಿತ ಸುಮಾರು ನಾಲ್ಕು ಪಟ್ಟಾಗುತ್ತದೆ. ಗೋಡೆ ತೀರಾ ತೆಳುವಾದರೆ ಸುಕ್ಕುಗಟ್ಟುತ್ತದೆ, ವೆಲ್ಡಿಂಗಿನಲ್ಲಿ ತೂತು ಬೀಳುತ್ತದೆ; ಅದಕ್ಕೇ ಮನೆಯಲ್ಲಿ ಕಟ್ಟುವ ಲೋಟಸ್ ಮಾದರಿಯ ಕಾರುಗಳು 25 ಮಿ.ಮೀ. ಚೌಕ ಪೈಪು, 1.6 ಮಿ.ಮೀ. ಗೋಡೆಗೆ ನಿಂತವು. ಇನ್ನು ಗಟ್ಟಿತನದ ಗುಟ್ಟೆಲ್ಲ ತ್ರಿಕೋನದಲ್ಲಿದೆ. ಓರೆಪಟ್ಟಿಯಿಲ್ಲದ ಚೌಕ ಎಷ್ಟು ದಪ್ಪ ಪೈಪಿನದಾದರೂ ವಾಲುತ್ತದೆ. ಸಸ್ಪೆನ್ಷನ್ನಿನ ಬಲ ಪೈಪಿನ ನಡುವೆ ಬೀಳದೆ ಮೂರ್ನಾಲ್ಕು ಪೈಪು ಕೂಡುವ ಗಂಟಿನಲ್ಲೇ ಬೀಳಬೇಕು. ಕೂರುವ ಜಾಗದ ಮೇಲ್ಭಾಗ ತೆರೆದಿರುವುದರಿಂದ ಚೌಕಟ್ಟು ತಿರುಚಿಕೊಳ್ಳುವುದು ಅಲ್ಲೇ. ಬದಿಯ ಕಟ್ಟು ಎತ್ತರವಾಗಿರಲಿ, ಸೀಟುಗಳ ನಡುವಿನ ಸುರಂಗವನ್ನು ಬಿಗಿಯಾಗಿ ಕಟ್ಟಿರಲಿ.

ಮಲೆನಾಡಿನವರಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ತೇವ ಹೀರಿದ ವೆಲ್ಡಿಂಗ್ ರಾಡು ಬೆಸುಗೆಯೊಳಗೆ ಗುಳ್ಳೆ ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ನೀರಿನ ಜಿಐ ಪೈಪಂತೂ ಬೇಡವೇ ಬೇಡ: ಸತುವಿನ ಹೊಗೆ ಮೈಗೆ ಕೆಟ್ಟದ್ದು, ಬೆಸುಗೆಗೂ ಕೆಟ್ಟದ್ದು.

ಮಾದರಿ ಪರೀಕ್ಷೆಯ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಕಟ್ಟಿದ ಕಾರು ನಮ್ಮ ದೇಶದಲ್ಲಿ ನೋಂದಣಿಯಾಗುವುದಿಲ್ಲ, ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ಮುಚ್ಚಿದ ಟ್ರ್ಯಾಕಿಗೆಂದೇ ಕಟ್ಟಿ. ಕಟ್ಟುವ ಮೊದಲು ನಕ್ಷೆಯನ್ನು ಶಿವಮೊಗ್ಗದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಮೆಕ್ಯಾನಿಕಲ್ ವಿಭಾಗದವರಿಗೆ ತೋರಿಸಿ, ಮೂತಿ ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿಸಿಕೊಳ್ಳಿ.